ನೀವು ಕೇಳಿದ್ದು: ಪ್ಲಾಸ್ಮಾ ಯಾರಿಗೆ ಹೊಂದಬೇಕು?

ಹೋದ ತಿಂಗಳು ರಕ್ತದಾನದ ಬಗ್ಗೆ ಉತ್ತರಿಸುವಾಗ ಒಂದು ಕಡೆ ‘ಪ್ಲಾಸ್ಮಾ ಹೊಂದಾಣಿಕೆ’ ಅಂತ ಬರೆದಿದ್ದೆ. ಎರಡೇ ಪದ. ಅದಕ್ಕೆ ಬಂದ ಕಾಗದಗಳನ್ನು ನೋಡಿದರೆ ಜೇನುಗೂಡಿಗೆ ಕಲ್ಲು ಹೊಡೆದೆನೇನೋ ಅನ್ನಿಸಿತು. ಕೆಲವರು ರಕ್ತದ ಬಗ್ಗೆ ಕೇಳಿದ್ದಾರೆ, ಕೆಲವರು ಫ್ಯೂಷನ್ ರಿಯಾಕ್ಟರ್ ಬಗ್ಗೆ, ಒಬ್ಬರು ತಮ್ಮ ಮಾತ್ರೆಯ ಬಗ್ಗೆ.

ನಾನು 31 ವರ್ಷ ರಕ್ತನಿಧಿಯಲ್ಲಿ ಟೆಕ್ನಿಷಿಯನ್ ಆಗಿದ್ದವನು. ಬ್ಯಾಗು, ಫ್ರೀಜರು, ಟೈಲು ನನಗೆ ಗೊತ್ತು. ಫ್ಯೂಷನ್, ಅಂದರೆ ಸೂರ್ಯನೊಳಗಿನ ಹಾಗೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ವಿಚಾರಕ್ಕೆ ನನ್ನ ಸೋದರಳಿಯ ಇದ್ದಾನೆ. ಅವನು ರಿಯಾಕ್ಟರ್ ಗೋಡೆಯ ಲೋಹಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ‘ಪ್ಲಾಸ್ಮಾ’ ಅನ್ನುವ ಪದ ಯಾರದ್ದು ಅಂತ ನಮ್ಮಿಬ್ಬರಿಗೂ ಹಳೇ ಜಗಳ. ಈ ಸಲದ ಉತ್ತರಗಳಲ್ಲಿ ಅವನ ಪಾಲೂ ಇದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸೆಮಿನಾರ್‌ಗೆ ಪ್ಲಾಸ್ಮಾ ಹೊಂದಾಣಿಕೆ ಅಂತ ಹುಡುಕಿದರೆ ಒಂದು ಲೇಖನ ಟಂಗ್‌ಸ್ಟನ್ ಅನ್ನುತ್ತದೆ, ಇನ್ನೊಂದು ಎಬಿ ಗುಂಪಿನ ರಕ್ತ ಅನ್ನುತ್ತದೆ, ಮತ್ತೊಂದು ಇಲಿಯ ರಕ್ತ ಅನ್ನುತ್ತದೆ. ಇವಕ್ಕೆಲ್ಲ ಏನಾದರೂ ನಂಟು ಇದೆಯಾ?

ಉತ್ತರ: ಹೆಸರಿನ ನಂಟು ಖಂಡಿತ ಇದೆ. ಅದೂ ರಕ್ತದ ಕಡೆಯಿಂದಲೇ ಹೋದದ್ದು. ಈ ಮಾತು ಹೇಳುವಾಗ ನನ್ನ ಅಳಿಯ ಮುಖ ಆ ಕಡೆ ತಿರುಗಿಸುತ್ತಾನೆ.

ರಕ್ತದಲ್ಲಿರುವ ಹಳದಿ ದ್ರವಕ್ಕೆ ಪ್ಲಾಸ್ಮಾ ಅನ್ನುವುದು 19ನೇ ಶತಮಾನದಿಂದ ಬಂದ ರೂಢಿ. 1928ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಗಾಜಿನ ನಳಿಗೆಯೊಳಗೆ ಅನಿಲಕ್ಕೆ ವಿದ್ಯುತ್ ಹಾಯಿಸಿ ನೋಡುತ್ತಿದ್ದರು. ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬಂದು, ಎಲ್ಲವೂ ಸೇರಿ ಹೊಳೆಯುವ ಒಂದು ಸ್ಥಿತಿ. ಅದಕ್ಕೊಂದು ಹೆಸರು ಬೇಕಿತ್ತು. ಅವರ ಜೊತೆ ಕೆಲಸ ಮಾಡಿದ್ದ ಮಾಟ್-ಸ್ಮಿತ್ 1971ರಲ್ಲಿ ಆ ದಿನ ನೆನಪಿಸಿಕೊಂಡು ಬರೆದಿದ್ದಾರೆ: ರಕ್ತದ ಪ್ಲಾಸ್ಮಾ ಕೆಂಪು, ಬಿಳಿ ಕಣಗಳನ್ನು ಹೊತ್ತು ಸಾಗುವ ಹಾಗೆ ಈ ಅನಿಲವೂ ಎಲೆಕ್ಟ್ರಾನುಗಳನ್ನು, ಅಯಾನುಗಳನ್ನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳನ್ನು) ಹೊತ್ತು ಸಾಗುತ್ತದೆ ಅಂತ ಲ್ಯಾಂಗ್‌ಮ್ಯೂರ್‌ಗೆ ಅನ್ನಿಸಿತಂತೆ. ಹೆಸರು ಅಲ್ಲಿಂದ ಅಂಟಿಕೊಂಡಿತು. ಫ್ಯೂಷನ್ ರಿಯಾಕ್ಟರಿನೊಳಗೆ ಇರುವುದೂ ಈ ಅನಿಲ ಪ್ಲಾಸ್ಮಾನೇ. ನೀವು ಓದಿದ ಟಂಗ್‌ಸ್ಟನ್ ಅದರ ಗೋಡೆಯ ಲೋಹ.

ಔಷಧ ಸಂಶೋಧನೆಯವರು ಹೇಳುವುದು ಮೂರನೆಯ ಪ್ಲಾಸ್ಮಾ ಅಲ್ಲ. ಅದು ರಕ್ತದ ಪ್ಲಾಸ್ಮಾನೇ. ಹಾಗಾಗಿ ವಸ್ತು ಎರಡು, ಕೇಳುವ ಪ್ರಶ್ನೆ ಮೂರು.

ಸೆಮಿನಾರ್‌ಗೆ ಒಂದು ಕಿವಿಮಾತು. ಎಲ್ಲೇ ‘ಹೊಂದಾಣಿಕೆ’ ಅಂತ ಕಂಡರೂ ಯಾವುದು ಯಾವುದನ್ನು ಕೆಡಿಸಬಹುದು ಅಂತ ಕೇಳಿ. ಗೋಡೆ ಪ್ಲಾಸ್ಮಾವನ್ನು ಕೆಡಿಸುತ್ತಾ, ಪ್ಲಾಸ್ಮಾ ಗೋಡೆಯನ್ನಾ? ದಾನಿಯ ಕಣಕ್ಕೆ ಅಪಾಯವೋ, ರೋಗಿಯ ಕಣಕ್ಕೋ? ಈ ದಿಕ್ಕು ತಪ್ಪಿದರೆ ಉಳಿದ ಲೆಕ್ಕವೆಲ್ಲ ತಲೆಕೆಳಗು. ನಾನೇ ಒಮ್ಮೆ ತಪ್ಪಿದ್ದೆ. ಮುಂದಿನ ಉತ್ತರದಲ್ಲಿ ಅದೇ ಕಥೆ.

ಪ್ರಶ್ನೆ: ನನ್ನದು ಒ ಗುಂಪು. ಒ ಅಂದರೆ ಎಲ್ಲರಿಗೂ ಕೊಡಬಹುದು ಅಲ್ವಾ? ಎಬಿ ಗುಂಪಿನ ನನ್ನ ಬಾವನಿಗೆ ಪ್ಲಾಸ್ಮಾ ಬೇಕಾದಾಗ ಓಡಿ ಹೋದೆ. ‘ನಿಮ್ಮದು ಆಗಲ್ಲ’ ಅಂತ ಕಳಿಸಿಬಿಟ್ಟರು. ನನಗೆ ಬೇಜಾರಾಯಿತು.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಅವರು ಸರಿಯಾಗಿಯೇ ಹೇಳಿದ್ದಾರೆ. ಎ, ಬಿ, ಒ ಲೆಕ್ಕದಲ್ಲಿ ನಿಮ್ಮ ಕೆಂಪು ಕಣ ಎಲ್ಲರಿಗೂ ನೆಂಟ. ನಿಮ್ಮ ಪ್ಲಾಸ್ಮಾ ಮಾತ್ರ ಒ ಗುಂಪಿನವರನ್ನು ಬಿಟ್ಟು ಇನ್ಯಾರಿಗೂ ಆಗುವುದಿಲ್ಲ.

ಕಾರಣ ಹೀಗಿದೆ. ಎ ಗುಂಪಿನವರ ಕೆಂಪು ಕಣದ ಮೇಲೆ ‘ಎ’ ಅನ್ನುವ ಗುರುತು ಇರುತ್ತದೆ. ಅವರ ಪ್ಲಾಸ್ಮಾದಲ್ಲಿ ‘ಬಿ’ ಗುರುತಿನ ವಿರುದ್ಧ ಪ್ರತಿಕಾಯ, ಅಂದರೆ ಆ ಗುರುತು ಕಂಡರೆ ಮೇಲೆ ಬೀಳುವ ಪ್ರೋಟೀನ್, ಇರುತ್ತದೆ. ಬಿ ಗುಂಪಿನಲ್ಲಿ ಇದು ಅದಲು ಬದಲು. ಒ ಗುಂಪಿನ ಕಣದ ಮೇಲೆ ಈ ಎರಡೂ ಗುರುತಿಲ್ಲ, ಆದರೆ ಪ್ಲಾಸ್ಮಾದಲ್ಲಿ ಎರಡರ ವಿರುದ್ಧವೂ ಪ್ರತಿಕಾಯ ಇದೆ. ಎಬಿಯಲ್ಲಿ ಗುರುತು ಎರಡೂ ಇವೆ, ಪ್ರತಿಕಾಯ ಒಂದೂ ಇಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿಂಗಡಿಸಿ ತೋರಿಸಿದಾಗಿನಿಂದ ರಕ್ತನಿಧಿಯ ಪಂಚಾಂಗ ಇದೇ. ಅದಕ್ಕೆ 1930ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ನಿಮ್ಮ ಪ್ಲಾಸ್ಮಾವನ್ನು ಬಾವನಿಗೆ ಏರಿಸಿದರೆ? ನಿಮ್ಮ ಪ್ರತಿಕಾಯಗಳು ಹೋಗಿ ಅವರ ಕೆಂಪು ಕಣಗಳ ಮೇಲೆ ಬೀಳುತ್ತವೆ. ಕಣಗಳು ಒಡೆಯುತ್ತವೆ. ಇದ್ದ ಜೋಡಿಗಳಲ್ಲೇ ಕೆಟ್ಟ ಜೋಡಿ ಅದು.

ಇನ್ನು ನನ್ನ ಕಥೆ. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ರಾತ್ರಿ ಪಾಳಿ. ಎ ಗುಂಪಿನ ರೋಗಿಗೆ ಪ್ಲಾಸ್ಮಾ ಬೇಕು ಅಂತ ಫೋನ್ ಬಂತು. ಎ ಮುಗಿದಿತ್ತು. ನಾನು ಸುಮ್ನೆ ಫ್ರೀಜರ್ ತೆಗೆದು ಒ ಬ್ಯಾಗಿಗೆ ಕೈ ಹಾಕಿದೆ. ‘ಒ ಎಲ್ಲರಿಗೂ ಆಗುತ್ತೆ’ ಅನ್ನುವುದು ನನಗೂ ಬಾಯಿಪಾಠ. ನಮ್ಮ ಹಿರಿಯ ಮೇಡಂ ಹಿಂದಿನಿಂದ ಬಂದು ಬ್ಯಾಗನ್ನು ನನ್ನ ಕೈಯಿಂದ ತೆಗೆದುಕೊಂಡರು. ಬೈಯಲಿಲ್ಲ. ಅದನ್ನು ದೀಪಕ್ಕೆ ಹಿಡಿದು, ‘ಇದರಲ್ಲಿ ಕೆಂಪು ಕಣ ಎಲ್ಲಿದೆ, ತೋರಿಸು’ ಅಂದರು. ರೋಗಿಗೆ ಎಬಿ ಬ್ಯಾಗ್ ಕಳಿಸಿದರು.

ಆಮೇಲೆ ನನ್ನನ್ನು ಕೂರಿಸಿ ಮಾಡಿಸಿದರು. ಬಿಳಿ ಟೈಲಿನ ಮೇಲೆ ಒ ಗುಂಪಿನ ಪ್ಲಾಸ್ಮಾ ಒಂದು ಹನಿ, ಎ ಗುಂಪಿನ ಕಣ ಒಂದು ಹನಿ. ಕಡ್ಡಿಯಿಂದ ಕದಡಿ, ಟೈಲನ್ನು ಆ ಕಡೆ ಈ ಕಡೆ ವಾಲಿಸಬೇಕು. ಮೊದಲು ನಯವಾದ ಕೆಂಪು. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಮರಳು ಮರಳಾಗಿ ಕಂಡಿತು. ನೋಡನೋಡುತ್ತಲೇ ಇಟ್ಟಿಗೆ ಪುಡಿಯಂಥ ಗಂಟುಗಳು, ನಡುವೆ ತಿಳಿ ನೀರು. ಹಾಲು ಒಡೆದ ಹಾಗೆ. ‘ಇದು ಟೈಲ್ ಮೇಲೆ ಆಗಲಿ, ರೋಗಿಯೊಳಗೆ ಬೇಡ’ ಅಂದರು ಮೇಡಂ. ಆಮೇಲೆ ಇಡೀ ಕೆಲಸದ ಅವಧಿಯಲ್ಲಿ ನನಗೆ ಆ ಪಟ್ಟಿ ಮರೆಯಲಿಲ್ಲ. ಎ ರೋಗಿಗೆ ಎ ಅಥವಾ ಎಬಿ ಪ್ಲಾಸ್ಮಾ. ಬಿ ರೋಗಿಗೆ ಬಿ ಅಥವಾ ಎಬಿ. ಎಬಿ ರೋಗಿಗೆ ಎಬಿ. ಒ ರೋಗಿಗೆ ಯಾವುದಾದರೂ ನಡೆಯುತ್ತದೆ.

ತೊಂದರೆ ಏನೆಂದರೆ ಎಲ್ಲರಿಗೂ ಆಗುವ ಎಬಿಯೇ ನಾಲ್ಕರಲ್ಲಿ ಅಪರೂಪದ ಗುಂಪು. ಯಾವಾಗಲೂ ಕೊರತೆ. ಅದಕ್ಕೇ ಅಪಘಾತದ ತುರ್ತಿನಲ್ಲಿ, ಗಾಯಾಳುವಿನ ಗುಂಪು ತಿಳಿಯುವ ಮೊದಲು, ಪ್ರತಿಕಾಯ ಕಡಿಮೆ ಇರುವ ಎ ಗುಂಪಿನ ಪ್ಲಾಸ್ಮಾ ಕೊಡುವ ಪದ್ಧತಿಯೂ ಕೆಲವು ದೊಡ್ಡ ಕೇಂದ್ರಗಳಲ್ಲಿ ಇದೆ. ನೀವು ಕೆಂಪು ಕಣ ಕೊಡಿ. ಅಲ್ಲಿ ನಿಮಗೆ ರಾಜಮರ್ಯಾದೆ.

ಪ್ರಶ್ನೆ: ಪ್ಲಾಸ್ಮಾ ಕೊಡುವಾಗ ಪಾಸಿಟಿವ್, ನೆಗೆಟಿವ್ ನೋಡಬೇಕಾ?

ಉತ್ತರ: ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾಕ್ಕೆ ಸಾಮಾನ್ಯವಾಗಿ ನೋಡುವುದಿಲ್ಲ. ಪಾಸಿಟಿವ್, ನೆಗೆಟಿವ್ ಅನ್ನುವುದನ್ನು ಹೇಳುವ ಆರ್‌ಎಚ್ ಗುರುತು ಇರುವುದು ಕೆಂಪು ಕಣದ ಮೇಲೆ. ಈ ಬ್ಯಾಗಿನಲ್ಲಿ ಆ ಕಣವೇ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ಫ್ಯೂಷನ್ ರಿಯಾಕ್ಟರಿನೊಳಗೆ 15 ಕೋಟಿ ಡಿಗ್ರಿ ಶಾಖ ಅಂತಾರೆ. ಅಷ್ಟು ಶಾಖಕ್ಕೆ ಯಾವ ಲೋಹ ಆದರೂ ಆವಿಯೇ ಅಲ್ವಾ? ಮತ್ತೆ ಇದು ಹೊಂದುತ್ತೆ, ಅದು ಹೊಂದಲ್ಲ ಅನ್ನೋ ಚರ್ಚೆ ಯಾಕೆ?

ಉತ್ತರ: ನಾನೂ ಅಳಿಯನಿಗೆ ಇದನ್ನೇ ಕೇಳಿದ್ದೆ. ‘ಮಾಮಾ, ಶಾಖ ಬೇರೆ, ಬಿಸಿ ಬೇರೆ’ ಅಂತ ಶುರು ಮಾಡಿದ. ಬೆಳಗಿನವರೆಗೂ ನಿಲ್ಲಿಸಲಿಲ್ಲ. ಅದರಲ್ಲಿ ನನಗೆ ದಕ್ಕಿದ್ದು ಇಷ್ಟು.

ಫ್ರಾನ್ಸಿನ ದಕ್ಷಿಣದಲ್ಲಿ ಕಟ್ಟುತ್ತಿರುವ ಐಟರ್ ರಿಯಾಕ್ಟರಿನಲ್ಲಿ ಪ್ಲಾಸ್ಮಾಕ್ಕೆ ಸುಮಾರು 840 ಘನ ಮೀಟರ್ ಜಾಗ ಇದೆ. ಒಂದು ದೊಡ್ಡ ಮನೆಯಷ್ಟು. ಅಷ್ಟು ಜಾಗದೊಳಗೆ ಒಂದು ಹೊತ್ತಿಗೆ ಇರುವ ಇಂಧನ ಒಂದು ಗ್ರಾಮಿನ ಆಸುಪಾಸು. ನಾವು ಉಸಿರಾಡುವ ಗಾಳಿಗಿಂತ ಲಕ್ಷಾಂತರ ಪಟ್ಟು ತೆಳು. ಅದನ್ನೂ ಕಾಂತಶಕ್ತಿಯಿಂದ ಗೋಡೆಗೆ ತಾಗದಂತೆ ನಡುವೆ ಹಿಡಿದಿಟ್ಟಿರುತ್ತಾರೆ. ಹಾಗಾಗಿ ಗೋಡೆ ಒಮ್ಮೆಲೇ ಆವಿಯಾಗುವುದಿಲ್ಲ.

ಆದರೆ ಹಿಡಿತ ಪೂರ್ತಿ ಬಿಗಿ ಅಲ್ಲ. ಅಂಚಿನಿಂದ ಸೋರಿದ ಬಿಸಿ ಕಣಗಳನ್ನು ತಳದಲ್ಲಿರುವ ಡೈವರ್ಟರ್ ಅನ್ನುವ ಭಾಗಕ್ಕೆ ಇಳಿಸುತ್ತಾರೆ. ಒಂಥರಾ ಬಚ್ಚಲು ಅಂದುಕೊಳ್ಳಿ. ಅಲ್ಲಿ ಒಂದು ಚದರ ಮೀಟರಿಗೆ 10 ಮೆಗಾವ್ಯಾಟ್ ಶಾಖ ಬೀಳುತ್ತದೆ. ನಡುಮಧ್ಯಾಹ್ನದ ಬಿರುಬಿಸಿಲಿಗಿಂತ ಸುಮಾರು 10,000 ಪಟ್ಟು. ಇದನ್ನು ತಾಳಲು ಟಂಗ್‌ಸ್ಟನ್ ಬೇಕು. ಅದು ಕರಗುವುದು 3,422 ಡಿಗ್ರಿಗೆ. ಲೋಹಗಳಲ್ಲಿ ಅದಕ್ಕಿಂತ ಗಟ್ಟಿಗ ಇಲ್ಲ. ಹಿಂದೆ ತಾಮ್ರದ ಮಿಶ್ರಲೋಹದ ಕೊಳವೆ, ಅದರೊಳಗೆ ಹರಿಯುವ ನೀರು.

ಇಷ್ಟೇ ಆಗಿದ್ದರೆ ನಿಮ್ಮ ಪ್ರಶ್ನೆ ಇಲ್ಲಿಗೇ ಮುಗಿಯುತ್ತಿತ್ತು. ರಕ್ತದ ಹಾಗೇ ಇಲ್ಲೂ ಇನ್ನೊಂದು ದಿಕ್ಕು ಇದೆ. ಗೋಡೆ ಪ್ಲಾಸ್ಮಾವನ್ನು ತಾಳಬೇಕು, ಸರಿ. ಪ್ಲಾಸ್ಮಾನೂ ಗೋಡೆಯನ್ನು ತಾಳಬೇಕು! ಗೋಡೆಗೆ ಕಣಗಳು ಬಡಿದಾಗ ಲೋಹದ ಪರಮಾಣುಗಳು ಸಿಡಿದು ಒಳಗೆ ಹೋಗುತ್ತವೆ. ಇಂಗಾಲದ ಪರಮಾಣುವಿನಲ್ಲಿ ಇರುವುದು ಆರೇ ಎಲೆಕ್ಟ್ರಾನ್. ನಡುವಿನ ಶಾಖಕ್ಕೆ ಎಲ್ಲವೂ ಕಳಚಿಹೋಗಿ ಅದು ಹೆಚ್ಚು ಕಾಟ ಕೊಡುವುದಿಲ್ಲ. ಟಂಗ್‌ಸ್ಟನ್‌ಗೆ 74. ಅಷ್ಟು ಶಾಖದಲ್ಲೂ ಕೆಲವು ಉಳಿದೇ ಉಳಿಯುತ್ತವೆ. ಅವು ಕ್ಷ-ಕಿರಣ ಬೀರುತ್ತಾ ಪ್ಲಾಸ್ಮಾದ ಶಾಖವನ್ನು ಹೊರಗೆ ಚೆಲ್ಲಿಬಿಡುತ್ತವೆ. ಲಕ್ಷ ಕಣಕ್ಕೆ ಬೆರಳೆಣಿಕೆಯ ಟಂಗ್‌ಸ್ಟನ್ ಸೇರಿದರೂ ಒಲೆ ಮಂಕಾಗತೊಡಗುತ್ತದೆ.

ಹಾಗಾದರೆ ಇಂಗಾಲವನ್ನೇ ಬಳಸಬಹುದಲ್ಲ? ಬಳಸಿದ್ದರು. ಇಂಗಾಲಕ್ಕೆ ಹೈಡ್ರೋಜನ್ ಕಂಡರೆ ಪ್ರೀತಿ ಜಾಸ್ತಿ. ಇಂಧನದಲ್ಲಿರುವ ಟ್ರಿಟಿಯಂ ಕೂಡ ಹೈಡ್ರೋಜನ್ನಿನ ಒಂದು ರೂಪವೇ. ಸವೆದ ಇಂಗಾಲ ಆ ಟ್ರಿಟಿಯಂ ಹಿಡಿದುಕೊಂಡು ಮೂಲೆಮೂಲೆಗೆ ಪದರವಾಗಿ ಕೂರುತ್ತದೆ. ಟ್ರಿಟಿಯಂ ವಿಕಿರಣ ವಸ್ತು, ಸಿಗುವುದೂ ಅಪರೂಪ. ಅದನ್ನು ಗೋಡೆಗೆ ದಾನ ಮಾಡಿ ಕೂರಲಾಗುವುದಿಲ್ಲ. ಇಂಗ್ಲೆಂಡಿನ ಜೆಟ್ (JET) ಅನ್ನುವ ಫ್ಯೂಷನ್ ಯಂತ್ರದಲ್ಲಿ ಇಂಗಾಲದ ಗೋಡೆ ತೆಗೆದು ಬೆರಿಲಿಯಂ, ಟಂಗ್‌ಸ್ಟನ್ ಹಾಕಿ 2011ರಲ್ಲಿ ಮತ್ತೆ ಶುರು ಮಾಡಿದರು. ಐಟರ್‌ಗೂ ಮೊದಲು ಬೆರಿಲಿಯಂ ಗೋಡೆಯೇ ಅಂತಿತ್ತು. ಹಗುರ ಧಾತು, ಒಳಗೆ ಸಿಡಿದರೂ ತೊಂದರೆ ಕಡಿಮೆ. ಆದರೆ ಬೇಗ ಸವೆಯುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ. 2023ರಲ್ಲಿ ಐಟರ್‌ನವರು ಗೋಡೆಗೂ ಟಂಗ್‌ಸ್ಟನ್ನೇ ಇರಲಿ ಅನ್ನುವ ದಾರಿ ಹಿಡಿದರು. ಮೇಲೆ ತೆಳ್ಳಗೆ ಬೋರಾನ್ ಲೇಪನ, ಒಳಗಿನ ಆಮ್ಲಜನಕದಂಥ ಕಲ್ಮಶ ಹಿಡಿಯಲಿಕ್ಕೆ.

ಒಮ್ಮೆ ಅಳಿಯ ತನ್ನ ಲ್ಯಾಬಿನಲ್ಲಿ ಎರಡು ಟಂಗ್‌ಸ್ಟನ್ ಬಿಲ್ಲೆ ತೋರಿಸಿದ. ಒಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನನ್ನ ಮೂಗು ಅದರಲ್ಲಿ ಕಾಣುತ್ತಿತ್ತು. ಇನ್ನೊಂದನ್ನು ಬಿಸಿಯಾಗಿಟ್ಟು ಹೀಲಿಯಂ ಪ್ಲಾಸ್ಮಾಕ್ಕೆ ಒಡ್ಡಿದ್ದರು. ಅದು ಕಾಡಿಗೆ ಕಪ್ಪು. ಹೊಳಪಿನ ಸುಳಿವೂ ಇಲ್ಲ. ಸುಟ್ಟಿದೆ ಅಂದುಕೊಂಡೆ. ಸುಟ್ಟಿದ್ದಲ್ಲವಂತೆ. ಒಳಗೆ ಹೊಕ್ಕ ಹೀಲಿಯಂ ಗುಳ್ಳೆಗಟ್ಟಿ, ಮೇಲ್ಮೈ ಎಲ್ಲ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳಾಗಿ ಎದ್ದಿದೆ. ಅವರು ಅದಕ್ಕೆ ‘ಫಝ್’ ಅನ್ನುತ್ತಾರೆ. ನಾನು ಬೂಷ್ಟು ಅಂದೆ. ಅವನಿಗೆ ಸಿಟ್ಟು ಬಂತು. ಮುಟ್ಟಲು ಬಿಡಲಿಲ್ಲ, ಬೆರಳು ತಾಗಿದರೆ ಅದು ಹಾಳಾಗುತ್ತದಂತೆ. ಲೋಹಗಳಲ್ಲೇ ಗಟ್ಟಿಗ ಅಂತ ಮೇಲೆ ಹೊಗಳಿದೆನಲ್ಲ, ಅದರ ಅವಸ್ಥೆ ಇದು. ಫ್ಯೂಷನ್ ನಡೆದರೆ ಹೀಲಿಯಂ ಹುಟ್ಟಲೇಬೇಕು. ಹಾಗಾಗಿ ಈ ಬೂಷ್ಟಿನ ಚಿಂತೆ ಅವರನ್ನು ಬಿಟ್ಟಿಲ್ಲ.

ಪ್ರಶ್ನೆ: ರಕ್ತ ಹೆಪ್ಪುಗಟ್ಟದಿರಲಿ ಅಂತ ನನಗೆ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ. ಅದರ ಚೀಟಿಯಲ್ಲಿ 99% ಪ್ಲಾಸ್ಮಾ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಅಂತ ಇದೆ. ಹಾಗಾದರೆ ನಾನು ನುಂಗಿದ್ದರಲ್ಲಿ ಕೆಲಸ ಮಾಡುವುದು ಒಂದೇ ಪಾಲಾ? ಉಳಿದದ್ದು ದಂಡವಾ?

ಉತ್ತರ: ದಂಡ ಅಲ್ಲ, ಠೇವಣಿ. ಪ್ಲಾಸ್ಮಾದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇದೆ. ಅದನ್ನು ಬಸ್ಸು ಅಂದುಕೊಳ್ಳಿ. ವಾರ್ಫರಿನ್ ಕಣಗಳು ಅದನ್ನು ಹತ್ತಿ ಕೂರುತ್ತವೆ. ಕೂತವರಿಂದ ಕೆಲಸ ಆಗುವುದಿಲ್ಲ. ಇಳಿದವರು ಮಾತ್ರ ಕೆಲಸಕ್ಕೆ ಹೋಗುತ್ತಾರೆ. ಇಳಿದವರು ಖರ್ಚಾದ ಹಾಗೆ ಬಸ್ಸಿನಿಂದ ಇನ್ನಷ್ಟು ಜನ ಇಳಿಯುತ್ತಾರೆ. ಹತ್ತುವುದು ಇಳಿಯುವುದು ನಡೆಯುತ್ತಲೇ ಇರುತ್ತದೆ.

ಬಸ್ಸು ಕಡಿಮೆಯಾದರೆ ಲೆಕ್ಕ ಓದುವುದು ಕಷ್ಟವಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್ ಸುಮಾರು 90% ಅಂಟಿಕೊಳ್ಳುತ್ತದೆ. ಲಿವರ್ ಅಥವಾ ಕಿಡ್ನಿ ಕಾಯಿಲೆಯಿಂದ ಆಲ್ಬುಮಿನ್ ಇಳಿದವರಲ್ಲಿ ರಕ್ತ ಪರೀಕ್ಷೆ ಮಾಡಿದರೆ ಒಟ್ಟು ಔಷಧ ಕಡಿಮೆ ಕಾಣುತ್ತದೆ. ಡೋಸ್ ಸಾಲದು ಅನ್ನಿಸುತ್ತದೆ. ಆದರೆ ಬಿಡಿಯಾಗಿ ಓಡಾಡುವ ಪಾಲು ಬೇಕಾದಷ್ಟೇ ಇರಬಹುದು. ರಿಪೋರ್ಟಿನ ಒಂದು ಅಂಕಿ ನೋಡಿ ನೀವೇ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ವಾರ್ಫರಿನ್ ವಿಷಯದಲ್ಲಂತೂ ಬೇಡವೇ ಬೇಡ.

ಹೊಸ ಔಷಧ ಹುಡುಕುವವರು ಇದನ್ನು ಮೊದಲೇ ಅಳೆಯುತ್ತಾರೆ. ಸಣ್ಣ ಡಬ್ಬಿ, ನಡುವೆ ತೆಳು ಪೊರೆ. ಒಂದು ಕಡೆ ಔಷಧ ಬೆರೆಸಿದ ಪ್ಲಾಸ್ಮಾ, ಇನ್ನೊಂದು ಕಡೆ ಉಪ್ಪುದ್ರಾವಣ. 37 ಡಿಗ್ರಿಯಲ್ಲಿ ಕೆಲವು ಗಂಟೆ ಇಡುತ್ತಾರೆ. ಪ್ರೋಟೀನು ಪೊರೆ ದಾಟುವುದಿಲ್ಲ, ಬಿಡಿ ಔಷಧ ದಾಟುತ್ತದೆ. ದಾಟಿದ್ದನ್ನು ಅಳೆದರೆ ಲೆಕ್ಕ ಸಿಕ್ಕಿತು.

ಇನ್ನೊಂದು ಪರೀಕ್ಷೆ, ಪ್ಲಾಸ್ಮಾನೇ ಔಷಧವನ್ನು ಒಡೆದುಹಾಕುತ್ತದಾ ಅಂತ. ವಿದ್ಯಾರ್ಥಿನಿ ಕೇಳಿದ್ದ ಇಲಿ ಇಲ್ಲಿ ಬರುತ್ತದೆ. ಇಲಿ, ಹೆಗ್ಗಣಗಳ ಪ್ಲಾಸ್ಮಾದಲ್ಲಿ ಕಾರ್ಬಾಕ್ಸಿಲ್‌ಎಸ್ಟರೇಸ್ ಅನ್ನುವ ಕಿಣ್ವ ಧಾರಾಳ. ಮನುಷ್ಯರ ಪ್ಲಾಸ್ಮಾದಲ್ಲಿ ಅದು ಇಲ್ಲ. ಕೆಲವು ಬಗೆಯ ಔಷಧಗಳು ಇಲಿಯ ರಕ್ತಕ್ಕೆ ಬಿದ್ದ ತಕ್ಷಣ ಚೂರಾಗುತ್ತವೆ, ನಮ್ಮಲ್ಲಿ ನಿಲ್ಲುತ್ತವೆ. ಬರೀ ಇಲಿ ನೋಡಿದವರು ಒಳ್ಳೆಯ ಔಷಧವನ್ನೇ ಎಸೆದುಬಿಡಬಹುದು. ಕೋವಿಡ್ ಕಾಲದಲ್ಲಿ ಹೆಸರು ಕೇಳಿದ ರೆಮ್‌ಡೆಸಿವಿರ್ ಪರೀಕ್ಷೆಗೆ ಈ ಕಿಣ್ವವೇ ಇಲ್ಲದ ಇಲಿಗಳನ್ನು ಬಳಸಬೇಕಾಯಿತು.

ಉಲ್ಟಾ ಆದದ್ದೂ ಉಂಟು. 1990ರ ದಶಕದಲ್ಲಿ ಯುಸಿಎನ್-01 ಅನ್ನುವ ಕ್ಯಾನ್ಸರ್ ಔಷಧ ಪ್ರಾಣಿಗಳಲ್ಲಿ ಬೇಗ ಖಾಲಿಯಾಗುತ್ತಿತ್ತು. ಮನುಷ್ಯರಿಗೆ ಕೊಟ್ಟಾಗ ನಮ್ಮ ಪ್ಲಾಸ್ಮಾದ ಆಲ್ಫಾ-1 ಆಸಿಡ್ ಗ್ಲೈಕೋಪ್ರೋಟೀನ್ ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದ ಹಿಡಿ ಬಿಡಲಿಲ್ಲ. ಔಷಧ ವಾರಗಟ್ಟಲೆ ರಕ್ತದಲ್ಲೇ ಉಳಿಯಿತು. ಡೋಸ್ ಕೊಡುವ ಅಂತರವನ್ನೇ ಬದಲಿಸಬೇಕಾಯಿತು. ಇಲ್ಲಿ ಬಸ್ಸು ಹತ್ತಿದವರು ಇಳಿಯಲೇ ಇಲ್ಲ ಅನ್ನಿ.

ಪ್ರಶ್ನೆ: ತಂದೆಗೆ ಏರಿಸಿದ ಒಂದು ಪ್ಲಾಸ್ಮಾ ಬ್ಯಾಗ್ ಹಸಿರು ಛಾಯೆಯದ್ದಿತ್ತು. ಕೆಟ್ಟಿತ್ತಾ?

ಉತ್ತರ: ಬಹುಶಃ ಇಲ್ಲ. ಪ್ಲಾಸ್ಮಾದ ಬಣ್ಣ ಸಾಮಾನ್ಯವಾಗಿ ಒಣ ಹುಲ್ಲಿನ ಹಳದಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ದಾನಿಗಳಲ್ಲಿ ತಾಮ್ರ ಹೊರುವ ಒಂದು ಪ್ರೋಟೀನ್ ಏರಿ ಹಸಿರಾಗುವುದು ನಾನು ಎಷ್ಟೋ ಸಲ ನೋಡಿದ್ದೇನೆ. ಜಿಡ್ಡಿನ ಊಟ ಮಾಡಿ ಬಂದವರದ್ದು ಹಾಲಿನ ಹಾಗೆ ಮಬ್ಬು.

ನನ್ನ ಹೆದರಿಕೆ ಬಣ್ಣಕ್ಕಿಂತ ಬಿರುಕಿನದು. ಮೈನಸ್ 30 ಡಿಗ್ರಿಯಲ್ಲಿ ಆ ಪ್ಲಾಸ್ಟಿಕ್ ಬ್ಯಾಗು ಗಾಜಿನಂತಾಗಿರುತ್ತದೆ. ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟರೂ ಸೀಳುತ್ತದೆ. ಸೀಳಿದ್ದು ಆಗ ಕಾಣುವುದಿಲ್ಲ. 37 ಡಿಗ್ರಿ ನೀರಿನಲ್ಲಿ ಕರಗಿಸುವಾಗ ಸೋರಲು ಶುರುವಾಗುತ್ತದೆ. ಅದಕ್ಕೇ ಮೇಲೊಂದು ಕವರ್ ಹಾಕಿ ಮುಳುಗಿಸುತ್ತೇವೆ. ಕರಗಿದ ಮೇಲೆ ಬ್ಯಾಗನ್ನು ಮೆತ್ತಗೆ ಒತ್ತಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನಿವೃತ್ತಿಯಾದ ಮೇಲೂ ಕೈಗೆ ಸಿಕ್ಕ ಪ್ಲಾಸ್ಟಿಕ್ ಪೊಟ್ಟಣಗಳನ್ನೆಲ್ಲ ಒತ್ತಿ ನೋಡುತ್ತೇನೆ.

ಪ್ರಶ್ನೆ: ನಿಮ್ಮ ಪ್ಲಾಸ್ಮಾ, ನಿಮ್ಮ ಅಳಿಯನ ಪ್ಲಾಸ್ಮಾ ಎಲ್ಲಾದರೂ ಭೇಟಿಯಾಗುತ್ತವಾ?

ಉತ್ತರ: ಆಗುತ್ತವೆ. ಯಾವುದೇ ಪ್ಲಾಸ್ಟಿಕ್ಕು, ಲೋಹ ರಕ್ತಕ್ಕೆ ತಾಗಿದರೆ ಕೆಲವೇ ಸೆಕೆಂಡಿನಲ್ಲಿ ಪ್ಲಾಸ್ಮಾದ ಪ್ರೋಟೀನುಗಳು ಅದರ ಮೇಲೆ ಅಂಟಿಕೊಳ್ಳುತ್ತವೆ. ಮೊದಲು ಬಂದು ಕೂತವನ್ನು ಆಮೇಲೆ ಬಂದವು ಎಬ್ಬಿಸಿ ತಾವು ಕೂರುತ್ತವೆ. ಇದನ್ನು ತೋರಿಸಿಕೊಟ್ಟವರು ಲಿಯೋ ವ್ರೋಮನ್, ರಕ್ತ ವಿಜ್ಞಾನಿ, ಜೊತೆಗೆ ಡಚ್ ಭಾಷೆಯ ಕವಿ. ಯಾವ ಪ್ರೋಟೀನ್ ಕೂತಿತು ಅನ್ನುವುದರ ಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದಾ ಇಲ್ಲವಾ ಅನ್ನುವುದು ಬಹಳಷ್ಟು ನಿಂತಿದೆ. ಹಾಗಾಗಿ ದೇಹದೊಳಗೆ ಇಡುವ ಕೆಲವು ಸಾಮಗ್ರಿಗಳ ಮೇಲ್ಮೈಯನ್ನು ಮೊದಲೇ ತಣ್ಣನೆಯ ಅನಿಲ ಪ್ಲಾಸ್ಮಾದಿಂದ ಹದ ಮಾಡುತ್ತಾರೆ. ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆಗಳಿಗೂ ಇಂಥದೇ ಉಪಚಾರ. ಇಲ್ಲದಿದ್ದರೆ ಕೋಶಗಳು ಅಂಟಿಕೊಳ್ಳುವುದಿಲ್ಲ.

ಇದನ್ನು ಅಳಿಯನಿಗೆ ಓದಿ ಹೇಳಿದೆ. ‘ನೋಡಿ ಮಾಮಾ, ಕೊನೆಗೆ ನಮ್ಮ ಪ್ಲಾಸ್ಮಾನೇ ನಿಮ್ಮದಕ್ಕೆ ಜಾಗ ಸರಿ ಮಾಡಿ ಕೊಡಬೇಕಾಯಿತು’ ಅಂದ. ಹೆಸರು ಕೊಟ್ಟವರು ಯಾರು ಅಂತ ಕೇಳಿದೆ. ಉತ್ತರ ಇನ್ನೂ ಬಂದಿಲ್ಲ.